ದೂರದ ಸೇವಕರಿಗೆ ಧನ್ಯವಾದ ತಲುಪಿಸುವ ಬಗೆ

ನಮ್ಮ ಚರ್ಚ್ ಸಭೆಯ ಪರವಾಗಿ ಮಿಷನರಿಗಳಿಗೆ ಪತ್ರ ಬರೆಯುವ ಹೊಣೆ ಹಲವು ವರ್ಷಗಳಿಂದ ನನ್ನದು. ಆರಂಭದಲ್ಲಿ ನಾನು ಬರೆದ ಪತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ‘ನಿಮ್ಮ ತ್ಯಾಗಮಯ ಸೇವೆಗಾಗಿ ದೇವರಿಗೆ ಸ್ತೋತ್ರ, ನಿಮಗಾಗಿ ಸದಾ ಪ್ರಾರ್ಥಿಸುತ್ತಿದ್ದೇವೆ.’ ಮೇಲಿನ ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೋಗಬಹುದಾದ ಮಾತು. ಒಮ್ಮೆ ರಜೆಗೆ ಬಂದಿದ್ದ ಮಿಷನರಿ ನರ್ಸ್ ಒಬ್ಬರು, ಬಂದ ಪತ್ರಗಳಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವ ಒಂದರ ಬಗ್ಗೆ ಹೇಳಿದರು. ಬರೆದವಳು ಹನ್ನೊಂದು ವರ್ಷದ ಹುಡುಗಿ. ಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ಆಸ್ಪತ್ರೆಯ ಜನರೇಟರ್ ಕೆಟ್ಟಿದೆ ಎಂದು ಹೋದ ಸಲ ಬರೆದಿದ್ದಿರಿ. ಈಗ ಸರಿಯಾಯಿತೇ?’

ಆ ಮಗು ಅವರ ಪತ್ರವನ್ನು ಓದಿತ್ತು, ನೆನಪಿಟ್ಟುಕೊಂಡಿತ್ತು. ನಾನು ಬರೆದ ಅಷ್ಟೂ ಸ್ತೋತ್ರವಾಕ್ಯಗಳಲ್ಲಿ ಇಲ್ಲದೇ ಹೋದದ್ದು ಅದೇ. ಮಿಷನರಿಗಳಿಗೆ ನಮ್ಮ ಕೃತಜ್ಞತೆ ತಾಗಬೇಕಾದರೆ ಅದಕ್ಕೂ ಮೊದಲು ನಮ್ಮ ಗಮನ ಅವರತ್ತ ಹೋಗಿರಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಒಂದು ತಿಳಿವಿನಿಂದ ಹುಟ್ಟಿದವು.

ಮೊದಲ ಹೆಜ್ಜೆ: ಅವರು ಮಾಡುತ್ತಿರುವುದೇನು ಎಂದು ತಿಳಿಯಿರಿ

ಮಿಷನರಿ ಎಂದಾಗ ಮನಸ್ಸಿಗೆ ಬರುವುದು ಪುಸ್ತಕ ಹಿಡಿದು ಬೋಧಿಸುವ ವ್ಯಕ್ತಿ. ವಾಸ್ತವದಲ್ಲಿ ಅವರಲ್ಲಿ ಶಿಕ್ಷಕರಿದ್ದಾರೆ, ವೈದ್ಯರಿದ್ದಾರೆ, ಲಿಪಿಯೇ ಇಲ್ಲದ ಭಾಷೆಗೆ ಅಕ್ಷರಮಾಲೆ ಕಟ್ಟುವ ಭಾಷಾತಜ್ಞರಿದ್ದಾರೆ, ಬಾವಿ ತೋಡಿಸುವವರಿದ್ದಾರೆ, ರಸ್ತೆಯಿಲ್ಲದ ಕಡೆಗೆ ಸಣ್ಣ ವಿಮಾನ ಹಾರಿಸುವವರಿದ್ದಾರೆ, ಇವರೆಲ್ಲರ ಲೆಕ್ಕಪತ್ರ ನೋಡಿಕೊಂಡು ಕಚೇರಿಯಲ್ಲೇ ಆಯುಷ್ಯ ಕಳೆಯುವವರೂ ಇದ್ದಾರೆ. ಕೊನೆಯವರಿಗೆ ಧನ್ಯವಾದ ಹೇಳುವವರು ತೀರ ವಿರಳ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಒಬ್ಬೊಬ್ಬ ಮಿಷನರಿಗೆ ಎರಡು ಪುಟ ಸಾಕು. ಅವರು ಕಳಿಸುವ ಸುದ್ದಿಪತ್ರ ಬಂದಾಗ ಓದಿ ನಾಲ್ಕು ವಿಷಯ ಬರೆದುಕೊಳ್ಳಿ: ಈಗ ನಡೆಯುತ್ತಿರುವ ಕೆಲಸ, ಅದರಲ್ಲಿ ಎದುರಾಗಿರುವ ತೊಡಕು, ಮಕ್ಕಳ ಹೆಸರು ಮತ್ತು ತರಗತಿ, ಅವರು ಪ್ರಾರ್ಥನೆಗೆ ಕೇಳಿಕೊಂಡ ಸಂಗತಿ. ಜನ್ಮದಿನಗಳನ್ನೂ ಗುರುತು ಹಾಕಿಕೊಳ್ಳಿ. ಇಷ್ಟು ಮಾಡಿದರೆ ಮುಂದಿನ ಹೆಜ್ಜೆಗಳ ಅರ್ಧ ಕೆಲಸ ಮುಗಿದಂತೆ.

ಪ್ರಾರ್ಥಿಸುವವರಿಗೂ ಈ ಪುಸ್ತಕವೇ ಆಧಾರ. ‘ಎಲ್ಲ ಮಿಷನರಿಗಳನ್ನು ಆಶೀರ್ವದಿಸು’ ಎಂಬ ಪ್ರಾರ್ಥನೆ ತಪ್ಪಲ್ಲ. ಆದರೆ ವೀಸಾ ನವೀಕರಣಕ್ಕೆ ಕಾಯುತ್ತಿರುವ ಕುಟುಂಬವೊಂದಕ್ಕೆ ಹೆಸರು ಹಿಡಿದು ಪ್ರಾರ್ಥಿಸಿ, ಆಮೇಲೆ ‘ವೀಸಾ ಬಂತೇ?’ ಎಂದು ಕೇಳುವುದರಲ್ಲಿ ಇರುವ ಆಪ್ತತೆಯೇ ಬೇರೆ.

ಎರಡನೆಯ ಹೆಜ್ಜೆ: ಪತ್ರ ಬರೆಯಿರಿ

ನನ್ನ ಅನುಭವದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ದೂರ ಹೋಗುವ ಧನ್ಯವಾದ ಇದು. ಪತ್ರದ ಬೆಲೆ ಏನೆಂದು ತಿಳಿಯಬೇಕಾದರೆ ಮಿಷನರಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರನ್ನು ನೆನೆಯಬೇಕು. 1541ರಲ್ಲಿ ಲಿಸ್ಬನ್‌ನಿಂದ ಹಡಗು ಹತ್ತಿದ ಅವರು ಮತ್ತೆ ಯುರೋಪಿನ ಮುಖ ನೋಡಲಿಲ್ಲ. 1546ರಲ್ಲಿ ಇಂದಿನ ಇಂಡೊನೇಷ್ಯಾದ ಮೊಲುಕ್ಕಾ ದ್ವೀಪಗಳ ಅಂಬೋನ್‌ನಿಂದ ತಮ್ಮ ಸಂಗಡಿಗರಿಗೆ ಬರೆಯುತ್ತಾ, ಅವರ ಪತ್ರಗಳಲ್ಲಿ ಅವರವರ ಕೈಯಿಂದಲೇ ಬರೆದಿದ್ದ ಹೆಸರುಗಳನ್ನು ಕತ್ತರಿಸಿ ತೆಗೆದು, ಸಮಾಧಾನಕ್ಕಾಗಿ ಸದಾ ತಮ್ಮ ಮೈಮೇಲೆ ಇಟ್ಟುಕೊಂಡಿರುವುದಾಗಿ ತಿಳಿಸಿದರು. ಸಮುದ್ರಗಳನ್ನು ದಾಟಿದ ಮನುಷ್ಯನಿಗೆ ಗೆಳೆಯರ ಕೈಬರಹದ ಒಂದು ಚೂರು ಕಾಗದ ಬೇಕಾಗಿತ್ತು. ಸಾಧ್ಯವಿದ್ದಾಗಲೆಲ್ಲ ಕೈಯಲ್ಲೇ ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಬರೆಯುವ ಕ್ರಮ ಹೀಗಿರಲಿ. ಮೊದಲ ವಾಕ್ಯದಲ್ಲೇ ಅವರ ಕೆಲಸದ ಒಂದು ನಿರ್ದಿಷ್ಟ ಸಂಗತಿಯನ್ನು ಹೆಸರಿಸಿ. ನಂತರ ಅದು ನಿಮ್ಮೊಳಗೆ ಏನು ಮಾಡಿತು ಎಂದು ಒಂದೆರಡು ಸಾಲು. ಆಮೇಲೆ ನಿಮ್ಮ ಕಡೆಯ ಸಾಧಾರಣ ಸುದ್ದಿ: ಯಾರ ಮದುವೆಯಾಯಿತು, ಯಾರು ತೀರಿಕೊಂಡರು, ಗಾಯನಮಂಡಳಿಗೆ ಯಾರು ಸೇರಿದರು. ತಾವಿಲ್ಲದೆ ಮುಂದೆ ಹರಿಯುತ್ತಿರುವ ಬದುಕಿನಿಂದ ತಾವು ಬೇರ್ಪಟ್ಟಿಲ್ಲ ಎಂದು ಅನ್ನಿಸುವುದು ಇಂಥ ಸುದ್ದಿಗಳಿಂದಲೇ. ಕೊನೆಯಲ್ಲಿ ತಪ್ಪದೆ ಈ ಸಾಲು ಸೇರಿಸಿ: ‘ಇದಕ್ಕೆ ನೀವು ಉತ್ತರ ಬರೆಯಬೇಕಾಗಿಲ್ಲ.’ ಇದು ಉಪಚಾರದ ಮಾತಲ್ಲ. ದಿನದ ಕೊನೆಗೆ ಬಸವಳಿದು ಕುಳಿತವರಿಗೆ ಉತ್ತರಿಸದ ಪತ್ರಗಳ ರಾಶಿ ಒಂದು ಸಾಲದ ಹೊರೆಯಂತೆ ಕಾಣುತ್ತದೆ. ಆ ಸಾಲವನ್ನು ನೀವೇ ಮನ್ನಾ ಮಾಡಿ.

ಒಂದು ಮಾದರಿ:

‘ಪ್ರಿಯ ಅಕ್ಕ, ಓದಲು ಬಾರದ ತಾಯಂದಿರಿಗೆ ಸಂಜೆ ತರಗತಿ ಶುರುಮಾಡಿದ್ದೀರಿ ಎಂದು ಸುದ್ದಿಪತ್ರದಲ್ಲಿ ಓದಿದೆ. ಮೊದಲ ವಾರ ಮೂವರೇ ಬಂದರು, ಅವರಲ್ಲಿ ಒಬ್ಬರು ತಮ್ಮ ಹೆಸರು ಬರೆದು ಅತ್ತರು ಎಂದು ಬರೆದಿದ್ದಿರಿ. ಆ ಸಾಲನ್ನು ನನ್ನ ತಾಯಿಗೆ ಓದಿ ಹೇಳಿದೆ. ಅವರಿಗೂ ಓದು ಬರುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಮೂವರಿಗಾಗಿ ಪ್ರತಿ ಬುಧವಾರ ನಾವಿಬ್ಬರೂ ಪ್ರಾರ್ಥಿಸುತ್ತಿದ್ದೇವೆ. ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ.’

ಪತ್ರವನ್ನು ಒಮ್ಮೆ ಬರೆದು ನಿಲ್ಲಿಸಬೇಡಿ. ಹೊರಟ ಹೊಸದರಲ್ಲಿ ಎಲ್ಲರೂ ಬರೆಯುತ್ತಾರೆ. ಮೂರನೆಯ ವರ್ಷದಲ್ಲಿ, ಭಾಷೆ ಇನ್ನೂ ನಾಲಿಗೆಗೆ ಹತ್ತದೆ, ಹೊಸತನವೆಲ್ಲ ಆರಿಹೋದಾಗ, ಬರೆಯುವವರು ಬೆರಳೆಣಿಕೆಯಷ್ಟು. ಆ ಹೊತ್ತಿಗೆ ತಲುಪುವ ಪತ್ರಕ್ಕೆ ತೂಕ ಹೆಚ್ಚು. 1792ರಲ್ಲಿ ಇಂಗ್ಲೆಂಡಿನ ಕೆಟರಿಂಗ್‌ನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಹುಟ್ಟಿದ ಮರುವರ್ಷ ವಿಲಿಯಂ ಕೇರಿ ಬಂಗಾಳಕ್ಕೆ ಹೊರಟರು. ಅವರ ಹೋಗುವಿಕೆಯನ್ನು ಗೆಳೆಯ ಆಂಡ್ರ್ಯೂ ಫುಲ್ಲರ್ ಆಳದ ಗಣಿಗೆ ಇಳಿಯುವುದಕ್ಕೆ ಹೋಲಿಸಿದ್ದರು: ಇಳಿಯುವವನು ಒಬ್ಬ, ಮೇಲೆ ನಿಂತು ಹಗ್ಗ ಹಿಡಿಯುವವರು ಉಳಿದವರು. ಫುಲ್ಲರ್ 1815ರಲ್ಲಿ ತೀರಿಕೊಳ್ಳುವವರೆಗೂ ಆ ಸಂಘದ ಕಾರ್ಯದರ್ಶಿಯಾಗಿ ಆ ಹಗ್ಗವನ್ನು ಬಿಡಲಿಲ್ಲ. ಹಾಗೆಂದು ಎಲ್ಲರೂ ಸಂಘ ನಡೆಸಬೇಕಿಲ್ಲ. ಫ್ರಾನ್ಸಿನ ಲಿಸ್ಯೂ ಪಟ್ಟಣದ ತೆರೇಸಾ ತಮ್ಮ ಮಠದ ಗೋಡೆಯಾಚೆ ಎಲ್ಲಿಗೂ ಸೇವೆಗೆ ಹೋದವರಲ್ಲ. 1897ರಲ್ಲಿ, ಕೇವಲ 24ನೇ ವಯಸ್ಸಿನಲ್ಲಿ ತೀರಿಕೊಂಡರು. ಮಿಷನ್ ಸೇವೆಗೆ ಹೊರಟ ಇಬ್ಬರನ್ನು ತಮ್ಮ ಆತ್ಮಿಕ ಸೋದರರೆಂದು ಸ್ವೀಕರಿಸಿ ಅವರಿಗಾಗಿ ಪ್ರಾರ್ಥಿಸಿದರು, ಅವರಿಗೆ ಪತ್ರ ಬರೆದರು. 1927ರಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರು ಮಿಷನ್‌ಗಳ ಪಾಲಕಸಂತರೆಂದು ಕ್ಸೇವಿಯರ್ ಅವರ ಜೊತೆಗೆ ಹೆಸರಿಸಿದ್ದು ಇದೇ ತೆರೇಸಾ ಅವರನ್ನು. ಭೂಮಿಯ ಅರ್ಧ ಸುತ್ತಿದವರ ಪಕ್ಕದಲ್ಲಿ ಮಠ ಬಿಟ್ಟು ಕದಲದವರು! ಮನೆಯಲ್ಲೇ ಕುಳಿತು ಬರೆಯುವವರಿಗೆ ಇದಕ್ಕಿಂತ ಧೈರ್ಯ ಬೇಕೇ?

ಪತ್ರಕ್ಕೆ ಮುನ್ನ ಒಂದು ಎಚ್ಚರಿಕೆ

ಕೆಲವು ದೇಶಗಳಲ್ಲಿ ಬಹಿರಂಗವಾಗಿ ಮಿಷನರಿ ಎಂದು ಕರೆಸಿಕೊಳ್ಳುವುದೇ ಅಪಾಯ. ನಿಮ್ಮ ಒಂದು ಉತ್ಸಾಹದ ಸಂದೇಶದಿಂದ ಅವರು ದೇಶ ಬಿಡಬೇಕಾಗಬಹುದು, ಅವರ ಜೊತೆಗಿರುವ ಸ್ಥಳೀಯರಿಗೆ ಅದಕ್ಕಿಂತ ಹೆಚ್ಚಿನ ಕಷ್ಟ ಬರಬಹುದು. ಆದ್ದರಿಂದ ಯಾವ ಪದಗಳನ್ನು ಬಳಸಬಹುದು, ಯಾವುದನ್ನು ಬಳಸಬಾರದು ಎಂದು ಅವರನ್ನು ಕಳಿಸಿದ ಸಂಸ್ಥೆಯನ್ನು ಮೊದಲೇ ಕೇಳಿ. ಅನುಮತಿ ಇಲ್ಲದೆ ಅವರ ಫೋಟೊ, ಊರು, ಹೆಸರುಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕಬೇಡಿ. ಸುದ್ದಿಪತ್ರವನ್ನು ಇತರರಿಗೆ ಕಳಿಸುವ ಮುಂಚೆಯೂ ಕೇಳಿ. ಈ ವಿಷಯದಲ್ಲಿ ಅತಿ ಎಚ್ಚರ ಎಂಬುದಿಲ್ಲ.

ಮೂರನೆಯ ಹೆಜ್ಜೆ: ಏನು ಬೇಕೆಂದು ಕೇಳಿ, ಆಮೇಲೆ ಕಳಿಸಿ

ಬೈಬಲಿನಲ್ಲಿ, ಅಪೊಸ್ತಲನಾದ ಪೌಲನು ಸೆರೆಮನೆಯಿಂದ ತನ್ನ ಕಿರಿಯ ಸಂಗಡಿಗ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಗೆ ಬಹಳ ಮನುಷ್ಯಸಹಜವಾದ ಒಂದು ಕೋರಿಕೆ ಇದೆ. ತ್ರೋವ ಎಂಬ ಊರಿನಲ್ಲಿ ಕರ್ಪನೆಂಬವನ ಬಳಿ ಬಿಟ್ಟುಬಂದ ಮೇಲಂಗಿಯನ್ನು ತಾ, ಪುಸ್ತಕಗಳನ್ನೂ ತಾ, ಮುಖ್ಯವಾಗಿ ಚರ್ಮದ ಕಾಗದಗಳನ್ನು ತಾ, ಚಳಿಗಾಲಕ್ಕೆ ಮುಂಚೆಯೇ ಬರಲು ಪ್ರಯತ್ನಿಸು. ಅಷ್ಟು ದೊಡ್ಡ ಪತ್ರ ಬರೆದ ಕೈಗೆ ಚಳಿ ತಡೆಯಲು ಒಂದು ಅಂಗಿ ಬೇಕಿತ್ತು. ಓದಲು ಪುಸ್ತಕ ಬೇಕಿತ್ತು. ಕೊಡುವವರ ಊಹೆಗೆ ಬಿಟ್ಟಿದ್ದರೆ ಏನು ಬರುತ್ತಿತ್ತೋ ತಿಳಿಯದು.

ನಾವು ಊಹಿಸಿ ಕಳಿಸುವ ವಸ್ತುಗಳು ಬಹಳ ಸಲ ಅವರಿಗೆ ಭಾರವಾಗುತ್ತವೆ. ಪಾರ್ಸೆಲ್ ಬಿಡಿಸಿಕೊಳ್ಳುವಾಗ ಸುಂಕ ಕಟ್ಟಬೇಕಾದವರು ಸಾಮಾನ್ಯವಾಗಿ ಪಡೆಯುವವರೇ. ನಮ್ಮ ಗುಂಪಿನಿಂದ ಒಮ್ಮೆ ಕಳಿಸಿದ ಪೆಟ್ಟಿಗೆಯೊಂದಕ್ಕೆ ಒಳಗಿದ್ದ ವಸ್ತುವಿಗಿಂತ ಹೆಚ್ಚು ಹಣವನ್ನು ಅವರು ಕಟ್ಟಬೇಕಾಗಿ ಬಂತು ಎಂದು ತಿಳಿದಾಗ ನನಗಾದ ಸಂಕಟ ಇನ್ನೂ ಮರೆತಿಲ್ಲ. ಆದ್ದರಿಂದ ಮೊದಲು ನೇರವಾಗಿ ಕೇಳಿ: ಏನು ಬೇಕು, ಅಲ್ಲಿ ಸಿಗದಿರುವುದು ಯಾವುದು, ಸುಂಕದ ನಿಯಮ ಏನು, ಯಾವ ವಿಳಾಸಕ್ಕೆ ಸುರಕ್ಷಿತವಾಗಿ ತಲುಪುತ್ತದೆ. ಅಂಚೆಯಲ್ಲಿ ವಿದೇಶಕ್ಕೆ ಕಳಿಸುವ ವಸ್ತುಗಳಿಗೆ ಸಿಎನ್ 22 ಅಥವಾ ಸಿಎನ್ 23 ಎಂಬ ಘೋಷಣಾ ನಮೂನೆ ತುಂಬಬೇಕಾಗುತ್ತದೆ. ಅದರಲ್ಲಿ ವಸ್ತುವಿನ ವಿವರ, ತೂಕ, ಬೆಲೆಯನ್ನು ಸತ್ಯವಾಗಿ ಬರೆಯಿರಿ. ಬೆಲೆ ಮುಚ್ಚಿಟ್ಟು ಸಿಕ್ಕಿಬಿದ್ದರೆ ಮುಜುಗರ ಆಗುವುದು ಅವರಿಗೆ. ಔಷಧಿ ಮತ್ತು ಲಿಥಿಯಂ ಬ್ಯಾಟರಿಗಳಿಗೆ ನಿರ್ಬಂಧಗಳಿರುವುದರಿಂದ ವಿಚಾರಿಸದೆ ಅವನ್ನು ಹಾಕಲೇಬೇಡಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮಗೆ ಬೇಡವಾದದ್ದನ್ನು ಅವರಿಗೆ ಕಳಿಸುವುದು ಕೃತಜ್ಞತೆಯಲ್ಲ. ಹಳೆಯ ಬಟ್ಟೆ, ಬಳಸಿ ಬಿಟ್ಟ ಕಂಪ್ಯೂಟರ್, ಅವಧಿ ಮುಗಿಯಲಿರುವ ಔಷಧಿ, ಇವನ್ನೆಲ್ಲ ಕಟ್ಟಿ ಸಾಗಿಸುವ ಖರ್ಚಿನಲ್ಲಿ ಅಲ್ಲೇ ಅವರಿಗೆ ಬೇಕಾದದ್ದನ್ನು ಹೊಸದಾಗಿ ಕೊಳ್ಳಬಹುದು. ಹಗುರವಾದ, ಸುಲಭವಾಗಿ ತಲುಪುವ ವಸ್ತುಗಳೂ ಇವೆ: ಮಾತೃಭಾಷೆಯ ಇ-ಪುಸ್ತಕ, ಮಕ್ಕಳಿಗಾಗಿ ಅಜ್ಜಿಯ ದನಿಯಲ್ಲಿ ಓದಿಸಿದ ಕಥೆಯ ಧ್ವನಿಮುದ್ರಣ, ಸಭೆಯವರೆಲ್ಲ ಹಾಡಿದ ಒಂದು ಕೀರ್ತನೆ.

ನಾಲ್ಕನೆಯ ಹೆಜ್ಜೆ: ಹಣ

ದೊಡ್ಡ ಮೊತ್ತವನ್ನು ಒಮ್ಮೆ ಕೊಡುವುದಕ್ಕಿಂತ ಸಣ್ಣ ಮೊತ್ತವನ್ನು ತಪ್ಪದೆ ಕೊಡುವುದು ಮೇಲು. ನಿಯಮಿತವಾಗಿ ಬರುವ ಹಣವನ್ನು ನಂಬಿ ಅವರು ಮನೆ ಬಾಡಿಗೆ ಒಪ್ಪಿಕೊಳ್ಳಬಹುದು, ಮಗುವನ್ನು ಶಾಲೆಗೆ ಸೇರಿಸಬಹುದು. 1822ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಪೌಲಿನ್ ಜಾರಿಕೊ ಎಂಬ ಯುವತಿಯ ಪ್ರಯತ್ನದಿಂದ ಮಿಷನ್ ಕೆಲಸಕ್ಕೆ ನೆರವಾಗುವ ಸಂಘವೊಂದು ರೂಪುಗೊಂಡಿತು. ಹತ್ತು ಹತ್ತು ಜನರ ಗುಂಪು, ಒಬ್ಬೊಬ್ಬರಿಂದ ವಾರಕ್ಕೆ ಒಂದು ಸೂ. ಅಂದಿನ ಅತಿ ಸಣ್ಣ ನಾಣ್ಯಗಳಲ್ಲಿ ಅದೂ ಒಂದು. ಕೊಡುವವರಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳೂ ಇದ್ದರು. ಆ ಪುಟ್ಟ ವ್ಯವಸ್ಥೆ ಬೆಳೆದು ಜಗತ್ತಿನ ಹಲವು ಖಂಡಗಳ ಮಿಷನ್‌ಗಳಿಗೆ ಆಸರೆಯಾಯಿತು. ಹತ್ತು ಜನ ಸೇರುವುದು ಇಂದಿಗೂ ಕಷ್ಟವಲ್ಲ.

ಹಣವನ್ನು ಸಂಸ್ಥೆಯ ಮೂಲಕವೇ, ಎರಡೂ ದೇಶಗಳ ಕಾನೂನಿಗೆ ಒಳಪಟ್ಟು ಕಳಿಸಿ. ಕೆಲಸದ ನಿಧಿಗೆ ಕೊಟ್ಟದ್ದು ಕೆಲಸಕ್ಕೇ ಹೋಗುತ್ತದೆ. ಅದು ಸರಿಯೇ. ಆದರೆ ವರ್ಷಕ್ಕೊಮ್ಮೆಯಾದರೂ ಅವರ ಸ್ವಂತಕ್ಕೆಂದು ಒಂದು ಸಣ್ಣ ಉಡುಗೊರೆ ಕೊಡಿ, ಜೊತೆಗೆ ಹೀಗೆ ಬರೆಯಿರಿ: ‘ಇದು ಯೋಜನೆಗಲ್ಲ, ನಿಮಗೆ. ಲೆಕ್ಕ ಕೊಡಬೇಡಿ.’ ಹಾಗೆ ಬರೆಯದಿದ್ದರೆ ಬಹುತೇಕ ಮಿಷನರಿಗಳು ಅದನ್ನೂ ಯಾರದೋ ಆಸ್ಪತ್ರೆಯ ಖರ್ಚಿಗೆ ಕೊಟ್ಟುಬಿಡುತ್ತಾರೆ.

ಐದನೆಯ ಹೆಜ್ಜೆ: ರಜೆಗೆ ಬಂದಾಗ ಅವರನ್ನು ಬರಮಾಡಿಕೊಳ್ಳುವುದು

ಇಲ್ಲಿ ನಾವು ಹೆಚ್ಚು ತಪ್ಪುತ್ತೇವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಂದ ವಾರವೇ ವೇದಿಕೆ ಹತ್ತಿಸುತ್ತೇವೆ, ಹಾರ ಹಾಕುತ್ತೇವೆ, ‘ಐದು ನಿಮಿಷದಲ್ಲಿ ನಿಮ್ಮ ಅನುಭವ ಹೇಳಿ’ ಎನ್ನುತ್ತೇವೆ. ನಾಲ್ಕು ವರ್ಷದ ಬದುಕಿಗೆ ಐದು ನಿಮಿಷ! ಬೈಬಲಿನ ಅಪೊಸ್ತಲರ ಕೃತ್ಯಗಳು 14ನೇ ಅಧ್ಯಾಯದ ಕೊನೆ ನೋಡಿ. ಪೌಲ ಬಾರ್ನಬರು ತಮ್ಮನ್ನು ಕಳಿಸಿದ ಅಂತಿಯೋಕ್ಯಕ್ಕೆ ಮರಳಿದಾಗ ಸಭೆ ಒಟ್ಟಾಗಿ ಸೇರಿತು, ನಡೆದದ್ದೆಲ್ಲವನ್ನೂ ಕೇಳಿತು. ಆಮೇಲೆ ಅವರು ಶಿಷ್ಯರ ಸಂಗಡ ಬಹುಕಾಲ ಉಳಿದರು. ಕೇಳುವುದೂ ಇತ್ತು, ಸುಮ್ಮನೆ ಜೊತೆಗಿರುವುದೂ ಇತ್ತು.

ಅವರು ಬರುವ ಮೊದಲೇ ಮೂರು ವಿಷಯ ವಿಚಾರಿಸಿ: ಇರಲು ಮನೆ, ಓಡಾಡಲು ವಾಹನ, ವೈದ್ಯಕೀಯ ತಪಾಸಣೆ. ಮೊದಲ ಎರಡು ವಾರ ಯಾವ ಕಾರ್ಯಕ್ರಮವನ್ನೂ ಇಡಬೇಡಿ. ಬಿಟ್ಟುಹೋದ ಊರು ಬದಲಾಗಿರುತ್ತದೆ, ಅವರೂ ಬದಲಾಗಿರುತ್ತಾರೆ. ತನ್ನದೇ ಊರಿನಲ್ಲಿ ಹೊಸಬರಂತೆ ನಿಲ್ಲುವ ಆ ದಿಗ್ಭ್ರಮೆ ಕಳೆಯಲು ಸಮಯ ಬೇಕು.

ನಂತರ ಏಳೆಂಟು ಜನರನ್ನು ಮನೆಗೆ ಕರೆದು ಒಂದು ಸಂಜೆಯನ್ನು ಪೂರ್ತಿ ಅವರಿಗೆ ಕೊಡಿ. ಕೇಳುವ ಪ್ರಶ್ನೆಗಳು ಮುಖ್ಯ. ‘ಹೇಗಿತ್ತು ಅಲ್ಲಿ?’ ಎಂದರೆ ‘ಚೆನ್ನಾಗಿತ್ತು’ ಎಂದಷ್ಟೇ ಉತ್ತರ ಬರುತ್ತದೆ. ಅದರ ಬದಲು ಹೀಗೆ ಕೇಳಿ: ನಿಮ್ಮ ಒಂದು ಸಾಧಾರಣ ಮಂಗಳವಾರ ಹೇಗಿರುತ್ತದೆ? ಅಲ್ಲಿ ನಿಮ್ಮ ಆಪ್ತ ಗೆಳೆಯರು ಯಾರು? ಆ ಭಾಷೆಯಲ್ಲಿ ನಿಮಗೆ ಇಷ್ಟವಾದ ಮಾತು ಯಾವುದು? ಅಲ್ಲಿಯ ಜನರಿಂದ ಕಲಿತದ್ದೇನು? ಕೈಗೂಡದೆ ಹೋದದ್ದು ಏನಾದರೂ ಇದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಬಂದಾಗ ಬುದ್ಧಿ ಹೇಳಬೇಡಿ, ಬೈಬಲ್ ವಚನ ತೋರಿಸಬೇಡಿ. ಕೇಳಿಸಿಕೊಳ್ಳಿ.

ಕೇಳಬಾರದ ಪ್ರಶ್ನೆಯೂ ಒಂದಿದೆ: ‘ಎಷ್ಟು ಜನ ವಿಶ್ವಾಸಕ್ಕೆ ಬಂದರು?’ ಕಾಣಿಕೆ ಕೊಟ್ಟವರಿಗೆ ತಿಳಿಯುವ ಹಕ್ಕಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಹಣದ ಲೆಕ್ಕ ಕೇಳುವ ಹಕ್ಕು ಖಂಡಿತ ಇದೆ. ಆದರೆ ಮನುಷ್ಯರನ್ನು ಎಣಿಸಿ ಸೇವಕರನ್ನು ಅಳೆಯುವುದು ಬೇರೆ ಮಾತು. 1807ರಲ್ಲಿ ಚೀನಾ ತಲುಪಿದ ರಾಬರ್ಟ್ ಮಾರಿಸನ್ ಒಬ್ಬರಿಗೆ ದೀಕ್ಷಾಸ್ನಾನ ಕೊಟ್ಟು ಕ್ರೈಸ್ತ ವಿಶ್ವಾಸಕ್ಕೆ ಮೊದಲ ಬಾರಿ ಸೇರಿಸಿಕೊಂಡದ್ದು 1814ರಲ್ಲಿ. 1813ರಲ್ಲಿ ಬರ್ಮಾಕ್ಕೆ ಹೋದ ಅಡೋನಿರಾಮ್ ಜಡ್ಸನ್ ಮೊದಲ ವಿಶ್ವಾಸಿಗಾಗಿ ಆರು ವರ್ಷ ಕಾದರು. ಬರ್ಮೀ ಭಾಷೆಯಲ್ಲಿ ಇಡೀ ಬೈಬಲಿನ ಅನುವಾದ ಮುಗಿಸುವ ಹೊತ್ತಿಗೆ 1834 ಬಂದಿತ್ತು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ. ಇವರಲ್ಲಿ ಯಾರನ್ನಾದರೂ ಮೊದಲ ರಜೆಯಲ್ಲಿ ನಿಲ್ಲಿಸಿ ಸಂಖ್ಯೆ ಕೇಳಿದ್ದರೆ ತಲೆ ತಗ್ಗಿಸಬೇಕಾಗುತ್ತಿತ್ತು. ಫಲ ಕಾಣದ ವರ್ಷದಲ್ಲಿ ‘ನೀವು ಅಲ್ಲೇ ಉಳಿದಿರಲ್ಲ, ಅದಕ್ಕೆ ವಂದನೆ’ ಎನ್ನುವುದನ್ನು ರೂಢಿಸಿಕೊಳ್ಳಿ.

ಹೊಗಳಿಕೆಯಲ್ಲೂ ಹದ ಬೇಕು. ಮಿಷನರಿಯನ್ನು ಎತ್ತರಕ್ಕೇರಿಸಲು ಅವರು ಸೇವಿಸುವ ಜನರನ್ನು ಕತ್ತಲಲ್ಲಿದ್ದವರು, ಏನೂ ತಿಳಿಯದವರು ಎಂದು ಚಿತ್ರಿಸಬೇಡಿ. ಆ ಜನರ ನಡುವೆ ಬದುಕಿ ಅವರನ್ನು ಪ್ರೀತಿಸುವ ಮಿಷನರಿಗೆ ಅಂಥ ಮಾತು ಮುಳ್ಳಿನಂತೆ ಚುಚ್ಚುತ್ತದೆ.

ಆರನೆಯ ಹೆಜ್ಜೆ: ಸುತ್ತಲಿನವರನ್ನು ಕಾಣಿರಿ

ಬಂಗಾಳಕ್ಕೆ ಹೋದ ವಿಲಿಯಂ ಕೇರಿ ಅವರ ಬಗ್ಗೆ ಎಷ್ಟೋ ಪುಟಗಳಿವೆ. ಅವರ ಪತ್ನಿ ಡೊರೊಥಿ ಬಂಗಾಳದಲ್ಲಿ ಮಗನನ್ನು ಕಳೆದುಕೊಂಡು, ಮನಸ್ಸಿನ ಸ್ವಾಸ್ಥ್ಯವನ್ನೂ ಕಳೆದುಕೊಂಡು, ಹಲವು ವರ್ಷ ನರಳಿ 1807ರಲ್ಲಿ ತೀರಿಕೊಂಡರು ಎಂಬುದನ್ನು ಎಷ್ಟು ಜನ ನೆನೆಯುತ್ತೇವೆ? ಪತ್ರ ಬರೆಯುವಾಗ ಪತ್ನಿಗೋ ಪತಿಗೋ ಪ್ರತ್ಯೇಕವಾಗಿ, ಅವರದೇ ಹೆಸರಿಗೆ, ಅವರದೇ ಕೆಲಸದ ಬಗ್ಗೆ ಬರೆಯಿರಿ.

ಮಕ್ಕಳನ್ನು ವೇದಿಕೆಗೆ ಕರೆದು ‘ಆ ಭಾಷೆಯಲ್ಲಿ ಏನಾದರೂ ಮಾತಾಡು’ ಎನ್ನಬೇಡಿ. ‘ಮನೆಗೆ ಬಂದದ್ದು ಸಂತೋಷವಾಯಿತೇ?’ ಎಂದೂ ಕೇಳಬೇಡಿ. ಅವರ ಮನೆ ಬಹುಶಃ ಅಲ್ಲಿದೆ. ವಯಸ್ಸಿಗೆ ತಕ್ಕ ಒಬ್ಬ ಗೆಳೆಯನನ್ನು ಪರಿಚಯಿಸಿ, ಆಟಕ್ಕೆ ಬಿಡಿ.

ಇತ್ತ ಕಡೆ ಮಿಷನರಿಯ ವಯಸ್ಸಾದ ತಂದೆತಾಯಿ ಇರುತ್ತಾರೆ. ಕಳಿಸಿಕೊಟ್ಟವರ ನೋವು ಯಾವ ವರದಿಯಲ್ಲೂ ಬರುವುದಿಲ್ಲ. ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ, ವಿಡಿಯೊ ಕರೆ ಮಾಡಲು ನೆರವಾಗಿ, ಹಬ್ಬದ ದಿನ ಹೋಗಿ ಜೊತೆಗೆ ಕುಳಿತುಕೊಳ್ಳಿ. ದೂರದಲ್ಲಿರುವ ಮಗನಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ತಿಳಿದಿಲ್ಲ.

ಸ್ಥಳೀಯ ಸಹೋದ್ಯೋಗಿಗಳ ಮಾತು. 1873ರಲ್ಲಿ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಆಫ್ರಿಕಾದ ಒಳನಾಡಿನಲ್ಲಿ ತೀರಿಕೊಂಡಾಗ, ಅವರ ಆಫ್ರಿಕನ್ ಸಹಾಯಕರಾದ ಸೂಸಿ, ಚೂಮಾ ಮತ್ತು ಅವರ ಸಂಗಡಿಗರು ಆ ದೇಹವನ್ನು ತಿಂಗಳುಗಟ್ಟಲೆ ನಡೆದು ಸಮುದ್ರ ತೀರಕ್ಕೆ ಹೊತ್ತು ತಂದರು. ಮರುವರ್ಷ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅಂತ್ಯಕ್ರಿಯೆ ನಡೆದಾಗ ಸೂಸಿ, ಚೂಮಾ ಇಬ್ಬರೂ ಅಲ್ಲಿರಲಿಲ್ಲ. ಪ್ರತಿ ಮಿಷನರಿಯ ಪಕ್ಕದಲ್ಲಿ ಇಂಥವರು ಇದ್ದಾರೆ: ಭಾಷೆ ಕಲಿಸಿದವರು, ಅನುವಾದ ತಿದ್ದಿದವರು, ರಾತ್ರಿ ಪಾಳಿಯ ನರ್ಸ್. ಅವರ ಹೆಸರು ಕೇಳಿ ತಿಳಿದುಕೊಂಡು ಅವರಿಗೂ ಒಂದು ಪತ್ರ ಬರೆಯಿರಿ. ಅನುವಾದಿಸಿ ಓದಿ ಹೇಳುವುದನ್ನು ಮಿಷನರಿ ಸಂತೋಷದಿಂದ ಮಾಡುತ್ತಾರೆ.

ಕೊನೆಯ ಹೆಜ್ಜೆ: ನಿವೃತ್ತರಾದ ಮೇಲೆ

ಸೇವೆ ಮುಗಿಸಿ ಮರಳಿದವರಿಗೆ ಸುದ್ದಿಪತ್ರವಿಲ್ಲ, ಆದ್ದರಿಂದ ಅವರನ್ನು ನೆನಪಿಸುವ ಸಾಧನವೂ ಇಲ್ಲ. ಹೆಸರುಗಳ ಪಟ್ಟಿಯಿಂದ ಅವರನ್ನು ಅಳಿಸಬೇಡಿ. ಅವರ ಶಾಲೆಯಲ್ಲಿ ಕಲಿತವರು, ಅವರ ಆಸ್ಪತ್ರೆಯಲ್ಲಿ ಹುಟ್ಟಿದವರು ಈ ಲೇಖನ ಓದುತ್ತಿದ್ದರೆ ನೀವು ಯಾವ ಧರ್ಮದವರಾದರೂ ಸರಿ, ಬರೆಯಿರಿ. ಯಾವ ವರ್ಷ, ಯಾವ ತರಗತಿ, ಈಗ ಏನು ಮಾಡುತ್ತಿದ್ದೀರಿ, ಇಷ್ಟು ಸಾಕು. ಹತ್ತಿರದಲ್ಲಿದ್ದರೆ ಹೋಗಿ ನೋಡಿ. ಹಳೆಯ ಫೋಟೊ ಆಲ್ಬಂ ಹೊರತೆಗೆಯಲು ಹೇಳಿ, ಒಂದೊಂದು ಚಿತ್ರದ ಹಿಂದೆ ಅದರಲ್ಲಿರುವವರ ಹೆಸರು, ಊರು, ವರ್ಷವನ್ನು ಅವರು ಹೇಳಿದಂತೆ ಪೆನ್ಸಿಲ್‌ನಲ್ಲಿ ಬರೆದುಕೊಡಿ. ಒಂದೇ ಭೇಟಿಯಲ್ಲಿ ಆಲ್ಬಂ ಮುಗಿಯುವುದಿಲ್ಲ. ಮುಂದಿನ ವಾರ ಯಾವ ದಿನ ಬರಲಿ ಎಂದು ಕೇಳಿ ಎದ್ದು ಬನ್ನಿ.